ಒಂಟಿತನವಾಗಲು ಒಪ್ಪದ ಹೆಬ್ಬಾತಿಗೆ

ಶ್ರೀಮತಿ ಹೆಬ್ಬಾತು ಅವರಿಗೆ,
ಗ್ರಂಥಾಲಯದ ಹಿಂಬಾಗಿಲ ಪೊದೆ,
ಥಾರ್ನ್‌ಬೆಕ್ ಪ್ರೌಢಶಾಲೆ, ಲ್ಯಾಂಕಶೈರ್.

ಮಾನ್ಯರೇ,

ತಾವೂ ತಾವು ಕಾವು ಕೊಡುತ್ತಿರುವ ಮೊಟ್ಟೆಗಳೂ ಕ್ಷೇಮವೆಂದು ನಂಬಿ, ಈ ಶಾಲೆಯ ಗ್ರಂಥಪಾಲಕಿಯಾದ ನಾನು ಅತ್ಯಂತ ಸಂಕೋಚದಿಂದ ಈ ದೂರನ್ನು ಸಲ್ಲಿಸುತ್ತಿದ್ದೇನೆ.

ಕಳೆದ ಸೋಮವಾರ ಗ್ರಂಥಾಲಯದಲ್ಲಿ ಇಂಗ್ಲಿಷ್ ಸಾಹಿತ್ಯದ ಪೂರ್ವಸಿದ್ಧತಾ ಪರೀಕ್ಷೆ ನಡೆದದ್ದು ತಮಗೆ ತಿಳಿದೇ ಇದೆ. ತಾವು ಖುದ್ದು ಹಾಜರಿದ್ದಿರಿ. ಮಕ್ಕಳು ಹಿಂದೆಂದೂ ಓದಿರದ ಪದ್ಯವೊಂದನ್ನು ಕೊಟ್ಟು ಅರ್ಥ ಬರೆಸುವುದು ನಮ್ಮ ಪದ್ಧತಿ. ಈ ಸಲದ ಪದ್ಯದಲ್ಲಿ ಹೆಬ್ಬಾತೊಂದು ಕವಿಯತ್ತ ಕತ್ತು ಚಾಚಿ ಬುಸುಗುಡುತ್ತಿತ್ತು. ಪದ್ಯದಲ್ಲಿ ಹಕ್ಕಿ ಬಂದರೆ ಅದು ಕವಿಯ ಒಂಟಿತನ ಎಂಬುದು ಅಧ್ಯಾಪಕ ಒರ್ಮರಾಡ್ ಅವರು ವರ್ಷವಿಡೀ ಕಲಿಸಿದ ಸೂತ್ರ.

ಇಂಥ ಗಂಭೀರ ಹೊತ್ತಿನಲ್ಲಿ ತಾವು ತೆರೆದ ಬಾಗಿಲಿನಿಂದ ದಯಮಾಡಿಸಿ, ಅನುವಾದಿತ ಕಾದಂಬರಿಗಳ ಕಪಾಟಿನ ಮುಂದೆ ನಿಂತಿರಿ. ಈ ವರ್ಷ ಆ ಕಪಾಟಿಗೆ ಭೇಟಿಯಿತ್ತ ಮೊದಲಿಗರು ತಾವೇ ಆದ್ದರಿಂದ, ಅಲ್ಲಿ ತಾವು ಬಿಟ್ಟುಹೋದ ವಿಮರ್ಶೆಯನ್ನು ನಾನು ಗೌರವದಿಂದಲೇ ಒರೆಸಿದೆ.

ಪರೀಕ್ಷೆಯಲ್ಲಿ ಸದ್ದು ಮಾಡಬಾರದೆಂಬ ನಿಯಮಕ್ಕೆ ನಾವೆಲ್ಲ ತಲೆಬಾಗುವ ಜನ. ಹೀಗಾಗಿ ತಾವು ಮೇಜಿಂದ ಮೇಜಿಗೆ ಹೋಗುತ್ತಿದ್ದರೂ ಮಕ್ಕಳು ತಮ್ಮ ರೆಕ್ಕೆಯನ್ನು ಮೊಣಕೈಯಿಂದ ಮೆಲ್ಲನೆ ಸರಿಸಿ, ಹೆಬ್ಬಾತೆಂದರೆ ಒಂಟಿತನವೆಂದೇ ಬರೆಯುತ್ತಿದ್ದರು. ತಾವು ಒರ್ಮರಾಡ್ ಅವರ ಬಿಸ್ಕತ್ತಿಗೆ ಬಾಯಿ ಹಾಕಿದಾಗ ಮೌನ ಮುರಿದವರು ಅವರೇ.

"ಯಾರಾದ್ರೂ ಈ ಹಾಳು ಬಾತನ್ನ ಆಚೆ ಅಟ್ರೋ!"

"ಬಾತಲ್ಲ ಸರ್, ನಿಮ್ಮ ಒಂಟಿತನ," ಎಂದಳು ಹಿಂದಿನ ಸಾಲಿನ ಟ್ಯಾಮ್ಸಿನ್. ಹಾಗೆಂದವಳೇ ಎದ್ದು, ಎರಡೂ ಕೈ ಅಗಲಿಸಿ, ತಮ್ಮನ್ನು ಮರ್ಯಾದೆಯಿಂದ ಗೂಡಿನವರೆಗೆ ಬಿಟ್ಟುಬಂದು, ತನ್ನ ಉತ್ತರ ಬರೆದಳು: "ಇದು ಹೆಬ್ಬಾತು. ಅಲ್ಲೇ ಗೂಡಿದೆ. ಕವಿ ಹಿಂದೆ ಸರಿಯಬೇಕಿತ್ತು."

ಒರ್ಮರಾಡ್ ಕೊಟ್ಟದ್ದು ಸೊನ್ನೆ. ಇದರಲ್ಲಿ ಪಾಸಾಗದಿದ್ದರೆ, ಪ್ರಾಣಿಗಳ ಆರೈಕೆ ಕಲಿಯಲು ಕಾಲೇಜಿಗೆ ಹೋಗಬೇಕೆಂದಿರುವ ಆ ಹುಡುಗಿಗೆ ಶಾಲೆಯ ಶಿಫಾರಸು ಸಿಗುವುದಿಲ್ಲ. ಮಾನ್ಯರೇ, ತಾವು ಪಠ್ಯಕ್ರಮಕ್ಕೆ ವಿರುದ್ಧವಾಗಿ ಬರೀ ಹೆಬ್ಬಾತಿನಂತೆ ನಡೆದುಕೊಂಡದ್ದರ ಫಲವಿದು.

ಆದ್ದರಿಂದ ಇನ್ನು ಮುಂದೆ ಬುಸುಗುಡುವಾಗ ದನಿಯಲ್ಲಿ ತುಸು ವಿಷಾದ ಬೆರೆಸಬೇಕೆಂದೂ, ಮೊಟ್ಟೆಗಳನ್ನು ಪಾಳುಬಿದ್ದ ಚರ್ಚಿನಂಥ ಅರ್ಥಗರ್ಭಿತ ಸ್ಥಳಕ್ಕೆ ಸಾಗಿಸಬೇಕೆಂದೂ, ಸಾಧ್ಯವಾದರೆ ಯಾರಾದರೊಬ್ಬ ಕವಿಯನ್ನು ಜೊತೆಯಲ್ಲಿಟ್ಟುಕೊಂಡೇ ತಿರುಗಾಡಬೇಕೆಂದೂ ಕೋರುತ್ತೇನೆ. ಇದಾವುದೂ ಆಗದಿದ್ದರೆ, ಟ್ಯಾಮ್ಸಿನ್‌ಳ ಉತ್ತರವನ್ನು ಮುಖ್ಯೋಪಾಧ್ಯಾಯಿನಿ ಮರುಪರಿಶೀಲಿಸುವ ದಿನ ತಾವು ಸಾಕ್ಷಿಯಾಗಿ ಬಂದರೂ ಸಾಕು. ಹಿಂಬಾಗಿಲು ತೆರೆದಿರುತ್ತದೆ, ಬಿಸ್ಕತ್ತೂ ಇರುತ್ತದೆ.

ತೊಂದರೆಗೆ ಕ್ಷಮೆ ಕೋರುತ್ತಾ, ಪೊದೆಯಿಂದ ಮೂರು ಗಜ ದೂರದಲ್ಲೇ ನಿಂತು,

ತಮ್ಮ ವಿಶ್ವಾಸಿ,
ವಿನಿಫ್ರೆಡ್ ಥ್ರೆಲ್‌ಫಾಲ್

ತಾ.ಕ.: ಪತ್ರವನ್ನು ಲಕೋಟೆಗೆ ಹಾಕುವ ಮೊದಲೇ ತಮ್ಮ ಉತ್ತರ ಒರ್ಮರಾಡ್ ಅವರ ಪ್ಯಾಂಟಿನ ಹಿಂಭಾಗದಲ್ಲಿ, ಕಚ್ಚಿ ಹರಿದ ತೂತಾಗಿ, ತಲುಪಿತು. ತಮ್ಮ ಪೊದೆಯನ್ನು ಕೊಡೆಯಿಂದ ತಿವಿಯಲು ಹೋಗಿದ್ದರಂತೆ. "ಒಂಟಿತನಾನೂ ಇಲ್ಲ, ಮಣ್ಣಂಗಟ್ಟೀನೂ ಇಲ್ಲ ಮೇಡಂ! ಅದು ಹೆಬ್ಬಾತು. ಅಲ್ಲೇ ಗೂಡಿದೆ. ನಾನು ಹಿಂದೆ ಸರೀಬೇಕಿತ್ತು!" ಎಂದು ಅವರು ಕೂಗಿದಾಗ ಮುಖ್ಯೋಪಾಧ್ಯಾಯಿನಿಯವರ ಕೈಯಲ್ಲಿ ಟ್ಯಾಮ್ಸಿನ್‌ಳ ಉತ್ತರಪತ್ರಿಕೆಯಿತ್ತು. ಹುಡುಗಿಗೆ ಪೂರ್ತಿ ಅಂಕ ಬಂದಿದೆ. ಒರ್ಮರಾಡ್ ಅವರಿಗೆ, ನಕಲು ಮಾಡಿದ್ದಕ್ಕಾಗಿ, ಸೊನ್ನೆ.