ನಿಧಿ ಆರು, ತಂತ್ರ ನಾಲ್ಕು

ಮೇಲಿನ ಕಚೇರಿಗೆ ಕಳಿಸುವ ಮಾಸಿಕ ತಖ್ತೆಯಲ್ಲಿ ಹೊಸದಾಗಿ ಬಂದದ್ದರ ವಿವರ ಬರೆಯುವ ಕಾಲಮ್ಮು ಎರಡು ಬೆರಳಿಗಿಂತ ಅಗಲವಿರತಕ್ಕದ್ದಲ್ಲ ಎಂಬುದು ಇಲಾಖೆಯ ತೀರ್ಮಾನ. ಮರವಂತೆಯಿಂದ ತುಸು ಆಚೆಗಿನ ಶಾಲೆಯೊಂದರ ಗ್ರಂಥಾಲಯದ ಉಸ್ತುವಾರಿ ಉಮಾನಾಥ ಮೇಷ್ಟ್ರು ಅದನ್ನೆಂದೂ ಪ್ರಶ್ನಿಸಿದವರಲ್ಲ. ಹಳೆ ವಿದ್ಯಾರ್ಥಿಗಳು ಎರಡು ಬಗೆಯ ಪುಸ್ತಕ ಕೊಟ್ಟಿದ್ದರು: ನಿಧಿ ರಹಸ್ಯಗಳ ಕಥೆಯದ್ದು ಆರು ಪ್ರತಿ, ತರಗತಿಯಲ್ಲಿ ಬಳಸುವ ತಂತ್ರಜ್ಞಾನದ ಕುರಿತದ್ದು ನಾಲ್ಕು ಪ್ರತಿ. ಮೇಷ್ಟ್ರು ಮುತ್ತಿನಂಥ ಅಕ್ಷರದಲ್ಲಿ ‘ನಿಧಿ 6, ತಂತ್ರ 4’ ಎಂದು ಬರೆದರು. ಇಟ್ಟಿದ್ದು ಬೀರುವಿನ ಕೆಳಗಿನ ಖಾನೆಯಲ್ಲಿ. ಜಾಗ ಸಾಲದೆ ‘ಬೀರುವಿನ ಕೆಳಗೆ’ ಎಂದಷ್ಟೇ ಬರೆದರು. ಚುಟುಕಾಗಿ ಬರೆಯುವುದರಲ್ಲಿ ತಮ್ಮನ್ನು ಮೀರಿಸುವವರು ತಾಲೂಕಿನಲ್ಲೇ ಇಲ್ಲವೆಂದು ಅವರಿಗೆ ಒಳಗೊಳಗೇ ಹೆಮ್ಮೆಯಿತ್ತು.

ಇಪ್ಪತ್ತೆರಡನೇ ದಿನ ಮೇಲಿನ ಕಚೇರಿಯ ರತೀಶ್ ಎಂಬ ಅಧಿಕಾರಿ ಇಬ್ಬರು ಪಿಕ್ಕಾಸಿನವರೊಡನೆ ಬಂದರು. ಕೈಯಲ್ಲಿ ನೋಟೀಸಿತ್ತು.

‘ಶಾಲಾ ಬೀರುವಿನ ಕೆಳಗೆ ಆರು ನಿಧಿಗಳಿದ್ದು, ತೆಗೆಯಲು ನಾಲ್ಕು ತಂತ್ರಗಳಿರುವುದಾಗಿ ತಾವೇ ವರದಿ ಮಾಡಿರುತ್ತೀರಿ. ಪ್ರಾಮಾಣಿಕತೆಗೆ ಅಭಿನಂದನೆ. ವಿಳಂಬಕ್ಕೆ ಕಾರಣ ಕೇಳಿದೆ.’

“ಹ್ವಾಯ್ ಸಾಹೇಬ್ರೆ, ಅದ್ ಪುಸ್ತಕ ಮಾರಾಯ್ರೆ!” ಎಂದರು ಮೇಷ್ಟ್ರು.

“ಪುಸ್ತಕ ಅಂದೇಳಿ ಎಲ್ ಬರ್ದಿದ್ರಿ? ತೋರ್ಸಿ ಕಾಂಬ.”

ಮೇಷ್ಟ್ರು ತಮ್ಮದೇ ಮುತ್ತಿನಂಥ ಅಕ್ಷರಗಳನ್ನು ದಿಟ್ಟಿಸಿದರು. ಎಲ್ಲೂ ಬರೆದಿರಲಿಲ್ಲ.

ಬೀರು ಸರಿಸಿ ಅಗೆದರು. ಮೊಣಕಾಲುದ್ದಕ್ಕೆ ನೀರು ಬಂತು. ‘ನೀರು ಬಂದಿರುವುದರಿಂದ ನಿಧಿಯು ಇನ್ನೂ ಕೆಳಕ್ಕೆ ಹೋಗಿರುವ ಸಂಭವವಿದೆ’ ಎಂದು ಮಹಜರು ಬರೆದು, ಹತ್ತೂ ಪುಸ್ತಕಗಳನ್ನು ಪೂರಕ ಸಾಕ್ಷ್ಯವಾಗಿ ಕಟ್ಟಿಕೊಂಡು ಹೋದರು.

ಅದರಲ್ಲೊಂದು ಪ್ರತಿಯನ್ನು ಏಳನೇ ತರಗತಿಯ ಧನ್ಯಶ್ರೀಯ ಕೈಯಿಂದಲೇ ತೆಗೆದುಕೊಂಡಿದ್ದರು. ಮೀನು ಮಾರುವ ರತ್ನಳ ಮಗಳು. ಪರೀಕ್ಷೆಗಿಲ್ಲದ ಪುಸ್ತಕವನ್ನು ಮೂಸಿಯೂ ನೋಡದ ಹುಡುಗಿ, ನಿಧಿ ತುಂಬಿದ ಹಡಗು ಬಿರುಗಾಳಿಗೆ ಸಿಕ್ಕುವ ನಲವತ್ತೊಂದನೇ ಪುಟದವರೆಗೆ ಎರಡೇ ದಿನದಲ್ಲಿ ಬಂದಿದ್ದಳು.

“ಸರ್, ಆ ಹಡ್ಗ್ ಎಂತಾಯ್ತ್?” ಎಂದು ದಿನಾ ಕೇಳುವಳು.

“ಪುಸ್ತಕ ಬರ್ಲಿ, ನೀನೇ ಓದ್.”

“ನೀವ್ ಓದ್ಲಿಲ್ಯಾ?”

ಓದಿರಲಿಲ್ಲ. ಹನ್ನೊಂದು ವರ್ಷ ಅವರು ಪುಸ್ತಕಗಳಿಗೆ ನಂಬರು ಅಂಟಿಸಿದ್ದರು, ನುಸಿಗುಳಿಗೆ ಇಟ್ಟಿದ್ದರು, ಬೀಗ ಹಾಕಿದ್ದರು. ಓದುವುದು ಉಸ್ತುವಾರಿಯ ಕರ್ತವ್ಯಪಟ್ಟಿಯಲ್ಲಿ ಇರಲಿಲ್ಲ. ಎಂಟನೇ ದಿನ ಧನ್ಯಶ್ರೀ ಕೇಳುವುದನ್ನು ಬಿಟ್ಟಳು. ಮೇಷ್ಟ್ರಿಗೆ ನಾಚಿಕೆಯಾದದ್ದು ಅವತ್ತು. ಓದುವವಳು ಇವಳೊಬ್ಬಳಿದ್ದಳು, ಇವಳೂ ಕೈತಪ್ಪಿದಳಲ್ಲ ಎಂದುಕೊಂಡು, ಪುಸ್ತಕ ಬಿಡಿಸಲು ಕಚೇರಿಗೆ ಪುಟಗಟ್ಟಲೆ ಬರೆಯತೊಡಗಿದರು.

ಒಂಬತ್ತನೇ ಜ್ಞಾಪನಕ್ಕೆ ಉತ್ತರ ಬಂತು. ಪುಸ್ತಕಗಳನ್ನು ಮರಳಿಸಿದೆ. ಮುಂದೆ ಗೊಂದಲವಾಗದಂತೆ ಎಲ್ಲ ಪ್ರತಿಗಳಲ್ಲೂ ‘ನಿಧಿ’ ಎಂಬ ಪದವನ್ನು ಹೊಡೆದು ‘ಸದರಿ ವಸ್ತು’ ಎಂದೂ, ‘ತಂತ್ರ’ವನ್ನು ‘ಯಂತ್ರ’ವೆಂದೂ ತಿದ್ದತಕ್ಕದ್ದು. ಮರುದಿನವೇ ತಿದ್ದುಪಡಿ: ಯಂತ್ರವೂ ಮಾಟದ ವ್ಯಾಪ್ತಿಗೆ ಬರುವುದರಿಂದ ‘ಉಪಾಯ’ ಎಂದು ಓದಿಕೊಳ್ಳುವುದು. ಹೀಗಾಗಿ ತರಗತಿಗೆ ಉಪಾಯಜ್ಞಾನ ಬಂತು.

ಪದ ಹೊಡೆಯಬೇಕಾದರೆ ಪದ ಸಿಗಬೇಕು, ಸಿಗಬೇಕಾದರೆ ಸಾಲು ಸಾಲೂ ಓದಬೇಕು. ಮೇಷ್ಟ್ರು ಕೆಂಪು ಪೆನ್ನು ಹಿಡಿದು ಕೂತರು. ನಲವತ್ತೊಂದನೇ ಪುಟದ ಹೊತ್ತಿಗೆ ಪೆನ್ನು ಕೈಯಲ್ಲಿರುವುದೇ ಮರೆತುಹೋಯಿತು.

“ಎಂತ ಮೇಷ್ಟ್ರೆ, ಊಟ ಇಲ್ಯಾ?” ಎಂದರು ಮುಖ್ಯೋಪಾಧ್ಯಾಯಿನಿ ಗುಲಾಬಿ ಟೀಚರು.

“ತಡೀರಿ, ಹಡ್ಗ್ ಮುಳುಗ್ತಾ ಇತ್ತ್.”

ಮೂರು ಸಲ ಹಿಂದೆ ಹೋಗಿ ತಿದ್ದಬೇಕಾಯಿತು. ಕೊನೆಗೂ ತಿದ್ದಿದ ಪ್ರತಿ ಧನ್ಯಶ್ರೀಗೆ ಸಿಕ್ಕಿತು. ಎರಡನೇ ದಿನಕ್ಕೆ ಅವಳೇ ಓಡಿ ಬಂದಳು.

“ಸರ್, ಕಡೀಕೂ ಸದರಿ ವಸ್ತು ಸಿಕ್ಲೇ ಇಲ್ಲ ಅಲ್ದಾ?”

“ಸಿಕ್ಲಿಲ್ಲ,” ಎಂದರು ಮೇಷ್ಟ್ರು, ಓದಿ ತಿಳಿದವರ ಗತ್ತಿನಲ್ಲಿ.

“ನಮ್ ಸಮುದ್ರದಗೂ ಸದರಿ ವಸ್ತು ಇತ್ತಾ ಸರ್?”

“ಇಪ್ಪುಕೂ ಸಾಕ್, ಯಾರ್ ಕಂಡಿದ್ರ್. ಸಿಕ್ರೆ ನಂಗ್ ಬಾಯಲ್ಲೇ ಹೇಳ್. ಯಾರಿಗೂ ಬರ್ದ್ ಮಾತ್ರ ಕೊಡ್ಬೇಡ.”

ಧನ್ಯಶ್ರೀ ಗಂಭೀರವಾಗಿ ತಲೆಯಾಡಿಸಿದಳು.