ಗಾಣದ ಹಿಂಡಿ

ಎಲ್ಲಾ ಶುರುವಾದದ್ದು ಗೋಡೆಯಾಚೆಯಿಂದ ಬಂದ ಒಂದು ಬಟ್ಟಲು ಬದನೆಕಾಯಿ ಎಣ್ಣೆಗಾಯಿಯಿಂದ.

ಕಳಿಸಿದವನು ಸಿದ್ಧಾರೂಢ. ಕುಬಿಹಾಳದ ಮಡಿವಾಳೆಪ್ಪನ ಬಾಜೂ ಮನೆಯವನು, ಅವನ ಜೊತೆಗೇ ಸಾಲೆ ಕಲಿತವನು. ಹೆಂಡತಿ ಮಗಳ ಬಾಣಂತನಕ್ಕೆ ಅಳ್ನಾವರಕ್ಕೆ ಹೋದ ಮೇಲೆ ತಾನೇ ಒಲೆ ಹಚ್ಚುತ್ತಿದ್ದ. ಆ ಎಣ್ಣೆಗಾಯಿಗೆ ಮಡಿವಾಳೆಪ್ಪನ ಹೆಂಡತಿ ಅನ್ನವ್ವ ಮೂರು ರೊಟ್ಟಿ ತಿಂದು ಬೆರಳು ನೆಕ್ಕಿದಳು.

"ಭಾರೀ ಆಗೇತಿ ನೋಡ್ರಿ! ಗಂಡಸರ ಕೈಯಾಗ ಇಂಥಾ ರುಚಿ ಇರ್ತೈತಿ ಅಂತ ನನಗ ಗೊತ್ತ ಇರಲಿಲ್ಲ."

ಮಡಿವಾಳೆಪ್ಪ ಕೈಯಲ್ಲಿದ್ದ ರೊಟ್ಟಿಯನ್ನು ತಾಟಿಗೆ ಇಟ್ಟ. ಲಗ್ನವಾಗಿ ಇಪ್ಪತ್ತೆಂಟು ವರ್ಷ. ಇಳಕಲ್ ಸೀರೆ ತಂದರೆ 'ಸೆರಗ ಸಣ್ಣದಾತು' ಅಂದವಳು, ಹೊಸ ತಗಡು ಹಾಕಿಸಿದರೆ 'ಧಗಿ ಆಗ್ತೈತಿ' ಅಂದವಳು. 'ಭಾರೀ' ಎಂಬ ಮಾತು ಆಕೆಗೆ ಬರುತ್ತದೆ ಎಂಬುದೇ ಅವನಿಗೆ ಅಂದು ತಿಳಿದದ್ದು. ಬಟ್ಟಲನ್ನು ಆಕೆಯ ಕೈಗೆ ಎಟುಕದಂತೆ ಆಚೆ ಸರಿಸಿದ.

ಮರುದಿನ ಮುಂಜಾನೆ ಅನ್ನವ್ವ ಮಹಿಳಾ ಸಂಘದ ಮೀಟಿಂಗಿಗೆಂದು ಕುಂದಗೋಳದ ಬಸ್ಸು ಹತ್ತಿದಳು. ಆಕೆ ಮರಳುವುದರೊಳಗೆ ಅದಕ್ಕಿಂತ ರುಚಿಯಾದ ಎಣ್ಣೆಗಾಯಿ ಮಾಡಿ, ಆ ಮಾತನ್ನು ತಾನೂ ಹೇಳಿಸಿಕೊಳ್ಳಬೇಕೆಂದು ಮಡಿವಾಳೆಪ್ಪ ಹಟ ತೊಟ್ಟ. ಆದರೆ ಸಿದ್ಧಾರೂಢನನ್ನು ಕೇಳಲು ಮನಸ್ಸೊಪ್ಪಲಿಲ್ಲ. ಹಿತ್ತಲ ಗೋಡೆಗೆ ಕಿವಿ ಹಚ್ಚಿ ನಿಂತ.

ಅತ್ತ ಸಿದ್ಧಾರೂಢ ಮೊಬೈಲಿನಲ್ಲಿ ಹೆಂಡತಿಗೆ ಹೇಳುತ್ತಿದ್ದ: "ಏನ್ ಹಾಕ್ಲಿಬೇ? ರಹಿಮಾನಸಾಬನ ಗಾಣದ ಶೇಂಗಾ ಹಿಂಡಿನ ಹಾಕ್ತೇನಿ. ನೆನಿಸಿ, ಕೈಲೆ ಹಿಚುಕಿ ಹಾಕಿದ್ರ ಮುಗೀತು, ನೆಕ್ಕಿ ನೆಕ್ಕಿ ಖಾಲಿ!"

ಹಿಂಡಿ ಎಂದರೆ ನಮ್ಮ ಕಡೆ ಎರಡು. ಹುರಿದ ಶೇಂಗಾಕ್ಕೆ ಖಾರ, ಬೆಳ್ಳುಳ್ಳಿ ಹಾಕಿ ಕುಟ್ಟಿದ ಪುಡಿಯೂ ಹಿಂಡಿಯೇ. ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವ, ದನಕ್ಕೆ ಹಾಕುವ ಗಟ್ಟಿಯೂ ಹಿಂಡಿಯೇ. ಸಿದ್ಧಾರೂಢ ಹೇಳುತ್ತಿದ್ದದ್ದು ತನ್ನ ಎಮ್ಮೆಯ ಊಟದ ಸುದ್ದಿ. ಹೊಟ್ಟೆಕಿಚ್ಚಿನ ಕಿವಿಗೆ ಎಮ್ಮೆ ಎಲ್ಲಿಂದ ಕೇಳಿಸಬೇಕು? 'ಗಾಣದ ಹಿಂಡಿ! ಮಗನ, ಸಿಕ್ಕಿತು ನಿನ್ನ ಗುಟ್ಟು' ಎಂದುಕೊಂಡು ಮಡಿವಾಳೆಪ್ಪ ಚೀಲ ಹಿಡಿದು ಓಡಿದ.

"ಎರಡ ಕಿಲೋ ಹಿಂಡಿ ಕೊಡಪಾ."

"ಎಮ್ಮಿ ತಂದ್ರೇನ್ರಿ?" ಎಂದ ರಹಿಮಾನಸಾಬ.

ಪಲ್ಯಕ್ಕೆ ಎಂದರೆ ಗುಟ್ಟು ಊರಿಗೆಲ್ಲ ಹಂಚಿಹೋಗುತ್ತದೆ. "ಹೂಂ" ಅಂದುಬಿಟ್ಟ.

"ಮನ್ಯಾಗ ಗೊತ್ತೈತೇನ್ರಿ?"

"ಇಲ್ಲ. ಅನ್ನವ್ವಗ ಹೇಳಬ್ಯಾಡ ಮತ್ತ."

"ಛೇ, ಛೇ, ನಾ ಯಾಕ ಹೇಳ್ಲಿ!"

ಮಾತಿಗೆ ತಪ್ಪದ ಮನುಷ್ಯ. ಅನ್ನವ್ವನೊಬ್ಬಳನ್ನು ಬಿಟ್ಟು ಉಳಿದವರಿಗೆಲ್ಲ ಹೇಳಿದ.

ಮಡಿವಾಳೆಪ್ಪ ಬದನೆಕಾಯಿ ಸೀಳಿ, ನೆನೆದ ಹಿಂಡಿಗೆ ಖಾರ, ಹುಣಸೆರಸ, ಬೆಲ್ಲ ಕಲಸಿ ತುಂಬಿ ಎಣ್ಣೆಗೆ ಬಿಟ್ಟಿದ್ದನಷ್ಟೇ. ಸಂತೆ ದಿನದ ಟಂಟಂ ರಿಕ್ಷಾದೊಳಗಿನ ಜನರಂತೆ ಕಾಯಿಗಳು ಪಾತ್ರೆಯಲ್ಲಿ ಒತ್ತಿಕೊಂಡು ಕೂತಿದ್ದವು. ಅಷ್ಟರಲ್ಲಿ ಎದುರು ಮನೆಯ ರೇವವ್ವ ಚರಿಗೆ ಹಿಡಿದು ಬಂದಳು.

"ದಿನಾ ಅರ್ಧ ಲೀಟರ್ ನನಗ ಇರಲೆಪಾ. ಎಲ್ಲೈತಿ ಎಮ್ಮಿ? ಜವಾರಿನೋ, ಮುರ್ರಾನೋ?"

"ಜವಾರಿ... ಬರ್ತೈತಿ ಈಗ."

"ಬರ್ತೈತಿ ಅಂದ್ರ? ತಾನ ಒಂದ ಬರ್ತೈತೇನು, ಬಸ್ಸಿನಾಗ?"

ಬೆನ್ನಿಗೇ ಅದೇ ಓಣಿಯ ಜರೀನಾಬಿ ಬಾಗಿಲಲ್ಲಿ ಇಣುಕಿದಳು. "ಕಾಕಾ, ಸೆಗಣಿ ಬ್ಯಾರೆದವರಿಗೆ ಮಾತ ಕೊಡಬ್ಯಾಡ್ರಿ. ಕುಳ್ಳು ತಟ್ಟಾಕ ನನಗ ಬೇಕು." ಅಷ್ಟು ಹೇಳಿ ಬಸ್‌ಸ್ಟ್ಯಾಂಡಿನ ಕಡೆ ಹೋದಳು. ಇವರಿಬ್ಬರಿಗೆ ಉತ್ತರ ಹೇಳುವುದರೊಳಗೆ ಪಾತ್ರೆಯ ತಳ ಹತ್ತಿ ಹೊಗೆ ಎದ್ದಿತು.

ಹೊಗೆ ಕಂಡು ಸಿದ್ಧಾರೂಢನೇ ಓಡಿ ಬಂದ. ಪಾತ್ರೆಗೆ ಮೂಗು ಒಡ್ಡಿದ, ಚೀಲ ನೋಡಿದ, ಮಡಿವಾಳೆಪ್ಪನನ್ನು ನೋಡಿದ.

"ಲೇ ಮಡಿವಾಳ್ಯಾ, ಎಣ್ಣಿಗಾಯಿಗೆ ಎಮ್ಮಿ ಹಿಂಡಿ ತುಂಬಿಯೇನಲೇ?"

"ನೀನ ಫೋನಿನ್ಯಾಗ ಹೇಳಿದೆಲ್ಲ!"

"ಅದು ಎಮ್ಮಿಗೋ ಮಾರಾಯಾ! ಎಣ್ಣಿಗಾಯಿಗೆ ಹಾಕಿದ್ದು ನಿಮ್ಮ ಮನಿ ಹಿಂಡಿ. ಮೊನ್ನೆ ಅನ್ನವ್ವ ವೈನಿ ಡಬ್ಬಿ ತುಂಬ ಕೊಟ್ಟಿದ್ರು. ನಾ ಏನ ಮಾಡೇನಿ? ಕಾಯಿ ಸೀಳೇನಿ, ತುಂಬೇನಿ."

ಅನ್ನವ್ವ ಹೊಗಳಿದ್ದು ತಾನೇ ಕುಟ್ಟಿದ ಹಿಂಡಿಯನ್ನು! ಮಡಿವಾಳೆಪ್ಪ ಹೊತ್ತಿದ ಪಾತ್ರೆಯನ್ನು ಒಲೆಯಿಂದ ಕೆಳಗಿಳಿಸಿದ.

ಆಗಲೇ ಬಾಗಿಲಲ್ಲಿ ಅನ್ನವ್ವ ಕಂಡಳು. ಕೈಯಲ್ಲಿ ಚೆಂಡುಹೂವಿನ ಮಾಲೆ, ಕುಂಕುಮದ ಪೊಟ್ಟಣ, ಕಣ್ಣಲ್ಲಿ ನೀರು.

"ಬಸ್‌ಸ್ಟ್ಯಾಂಡಿನ್ಯಾಗ ಜರೀನಾಬಿ ಹೇಳಿದ್ಲರಿ. ಮನ್ಯಾಗ ಒಂದ ಎಮ್ಮಿ ಇರ್ಬೇಕಂತ ಎಷ್ಟ ವರ್ಷದ ಆಸೆ ನಂದು! ಬಾಯಿಬಿಟ್ಟ ಕೇಳಿದ್ದಿಲ್ಲ. ಮನಸಿನ್ಯಾಗಿಂದು ಹ್ಯಾಂಗ ತಿಳಕೊಂಡ್ರಿ? ಇವತ್ತ ನೀವು ಭಾ..."

ಮಡಿವಾಳೆಪ್ಪನ ಎರಡೂ ಕಿವಿ ನೆಟ್ಟಗಾದವು.

"...ಎಲ್ಲೈತ್ರಿ ಎಮ್ಮಿ?"

'ಭಾರೀ' ಅರ್ಧಕ್ಕೇ ನಿಂತಿತು. ಅವನು ಮುಳುಗುವವನಂತೆ ಸಿದ್ಧಾರೂಢನ ಕಡೆ ನೋಡಿದ. ಗೆಳೆಯ ತಡಮಾಡಲಿಲ್ಲ.

"ನಂದ ಕೊಟ್ಟೇನಿ ವೈನಿ. ಒಬ್ಬಾವಗ ನನಗ ನೀಗವಲ್ದು. ನಿಮ್ಮ ಕೈಯಾಗ ಚಲೋ ಇರ್ತೈತಿ."

ಅನ್ನವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಣ್ಣಾರ, ಭಾರೀ ಮನಸ್ರಿ ನಿಮ್ದು! ಕೂಡ್ರಿ, ಬಿಸಿ ರೊಟ್ಟಿ ಬಡೀತೇನಿ, ಉಂಡ ಹೋಗ್ರಿ." ಆಮೇಲೆ ಗಂಡನ ಕಡೆ ತಿರುಗಿದಳು. "ನೀವೇನ ನೋಡಕೋತ ನಿಂತೀರಿ? ಹೋಗಿ ಎಮ್ಮಿ ಬಿಚ್ಚಿ ತರ್ರಿ."

ಮಡಿವಾಳೆಪ್ಪ ಹಗ್ಗ ಹಿಡಿದು ಎಳೆಯುತ್ತಿದ್ದಾಗ ಕಿಟಕಿಯಿಂದ ಸಿದ್ಧಾರೂಢನ ಪಿಸುಮಾತು ಬಂತು. ಬಾಯಿ ತುಂಬ ರೊಟ್ಟಿ ಇತ್ತು.

"ಹಿಂದ ನಿಂದರಬ್ಯಾಡಲೇ, ಒದೀತೈತಿ. ಮತ್ತ ಅದರ ಹಾಲ ಬತ್ತಿ ತಿಂಗಳಾತು. ಅದನ್ನಷ್ಟ ವೈನಿಗೆ ನೀನ ಹೇಳು."