ಮೇಷ್ಟ್ರು ಮಾಡಿಸಿದ ಸಂಧಿ

ಯುದ್ಧದ ಪಾಠವನ್ನು ಬಾಯಲ್ಲಿ ಹೇಳಿ ಮುಗಿಸಿದ್ದರೆ ಚರಿತ್ರೆ ಮೇಷ್ಟ್ರಿಗೆ ಯಾವ ತೊಂದರೆಯೂ ಇರಲಿಲ್ಲ. ಅವರು ಆಡಿಸಿ ತೋರಿಸಲು ಹೋದರು.

ಅವರ ಕೆಲಸ ಇನ್ನೂ ತಾತ್ಕಾಲಿಕ. ಆ ದಿನ ಬರುವ ಇನ್‌ಸ್ಪೆಕ್ಟರು ಪಾಠ ಕೇಳಿ ತಲೆದೂಗಿದರೆ ಕಾಯಂ, ಇಲ್ಲದಿದ್ದರೆ ಮನೆ. ಹೆಂಡತಿ ಅದೇ ಶಾಲೆಯಲ್ಲಿ ವ್ಯಾಕರಣದ ಟೀಚರು, ಎಂದೋ ಕಾಯಂ ಆದವರು. ಮನೆಯಲ್ಲಿ ಏನು ಮಾತು ಬಂದರೂ, "ಕಾಯಂ ಆದೋಳು ಹೇಳ್ತಿದ್ದೀನಿ, ಕೇಳಿ" ಎಂದು ಮುಗಿಸುತ್ತಿದ್ದರು.

ಮೇಷ್ಟ್ರು ತರಗತಿಯನ್ನು ಎರಡು ಪಡೆ ಮಾಡಿದರು. ಪೂರ್ವದ ಕಿಟಕಿ ಕಡೆಯವರು ಪೂರ್ವರಾಜ್ಯ, ಉತ್ತರದ ಬಾಗಿಲ ಕಡೆಯವರು ಉತ್ತರರಾಜ್ಯ. ನಡುವಿನ ಬೆಂಚು ಯಾರದೆಂಬುದೇ ಜಗಳ.

"ಬರೀ ಬಾಯಲ್ಲಿ ಜಗಳ ಆಡ್ರಪ್ಪಾ. ಆಮೇಲೆ ಸಂಧಿ ಮಾಡ್ಕೊಳ್ಳಿ. ಯುದ್ಧದಿಂದ ಯಾರಿಗೂ ಲಾಭ ಇಲ್ಲ ಅನ್ನೋದೇ ಪಾಠ."

ಅಷ್ಟರಲ್ಲಿ ಡ್ರಿಲ್ ಮೇಷ್ಟ್ರು ಕಿಟಕಿಯಲ್ಲಿ ತಲೆ ತೂರಿಸಿದರು. "ಏನ್ರೀ, ಸೈನ್ಯ ಅಂತೀರಿ, ಬಸ್ಸಿಗೆ ಕಾಯೋರ ಹಾಗೆ ನಿಂತಿವೆ! ಏಯ್ ಪೂರ್ವದೋರೇ, ಪಕ್ಕದಿಂದ ನುಗ್ರೋ!"

ನುಗ್ಗಿದರು. ಚೀಲ ಹಾರಿತು, ಡಸ್ಟರು ಹಾರಿತು. ನಡುವಿನ ಬೆಂಚು ಮುದುಕರ ಮೊಣಕಾಲಿನಂತೆ ಲಟಕ್ಕೆಂದು ಮಡಿಸಿಕೊಂಡಿತು. ಬಿಡಿಸಲು ಹೋದ ಮೇಷ್ಟ್ರು ಹಿಟ್ಟಿನ ಡಬ್ಬಿಗೆ ಬಿದ್ದ ಬೆಕ್ಕಿನಂತೆ ಮೈಯೆಲ್ಲ ಬೆಳ್ಳಗಾಗಿ ಮೇಜಿನಡಿ ಸೇರಿದರು.

ಪಕ್ಕದ ತರಗತಿಯಿಂದ ಹೆಂಡತಿ ಬಂದರು. "ರೀ, ಅಲ್ಲಿ ನಾನು ಪಾಠ ಮಾಡ್ಬೇಕೋ ಬೇಡ್ವೋ?"

"ಒಂದು ಗಳಿಗೆ ತಡಿಯೇ, ಸಂಧಿ ಆಗ್ಬಿಡುತ್ತೆ" ಎಂಬ ಉತ್ತರ ಮೇಜಿನಡಿಯಿಂದ ಬಂತು.

ಹೆಂಡತಿಯ ಹಿಂದೆಯೇ ಹೆಡ್‌ಮಾಸ್ಟರು, ಅವರ ಹಿಂದೆ ಇನ್‌ಸ್ಪೆಕ್ಟರು. ಈ ಇನ್‌ಸ್ಪೆಕ್ಟರು ವ್ಯಾಕರಣ ಕಲಿಸುತ್ತಲೇ ತಲೆ ನರೆಸಿಕೊಂಡವರು. ಮುಂದಿದ್ದ ಹುಡುಗಿಯನ್ನು ಕೇಳಿದರು, "ಏನಮ್ಮಾ ಪಾಠ?"

"ಸಂಧಿ ಸಾರ್."

"ಯಾವುದಕ್ಕೂ ಯಾವುದಕ್ಕೂ?"

"ಪೂರ್ವಕ್ಕೂ ಉತ್ತರಕ್ಕೂ ಸಾರ್."

ಇನ್‌ಸ್ಪೆಕ್ಟರ ಕಣ್ಣರಳಿತು. "ಪೂರ್ವಪದ, ಉತ್ತರಪದ! ಎರಡೂ ಸೇರಿದಾಗ ಏನಾಯ್ತು?"

"ನಡುವೆ ಇದ್ದದ್ದು ಹೋಯ್ತು" ಎಂದು ಹುಡುಗಿ ಬೆಂಚು ತೋರಿಸಿದಳು.

"ಲೋಪಸಂಧಿ! ಮೇಜಿನ ಕೆಳಗೆ ಯಾರು?"

"ಮಧ್ಯೆ ಬಂದೋರು ಸಾರ್."

"ಆಗಮಸಂಧಿ!" ಇನ್‌ಸ್ಪೆಕ್ಟರು ಹೆಡ್‌ಮಾಸ್ಟರ ಕಡೆ ತಿರುಗಿದರು. "ಇಂಥವರನ್ನ ಚರಿತ್ರೆಗೆ ಹಾಕಿದ್ದೀರಲ್ರೀ! ಇವತ್ತಿಂದ ವ್ಯಾಕರಣಕ್ಕೆ ಇವರೇ ಕಾಯಂ. ಈಗಿರೋ ವ್ಯಾಕರಣದ ಟೀಚರು ಚರಿತ್ರೆ ತಗೊಳ್ಳಲಿ. ಹೊಸ ವಿಷಯ ಅಲ್ವೇ, ಸದ್ಯಕ್ಕೆ ತಾತ್ಕಾಲಿಕ."

ಮೇಷ್ಟ್ರು ತೆವಳಿ ಹೊರಬಂದರು. "ಸಾರ್, ಅದು ನನ್ನ ಹೆಂಡತಿ ಜಾಗ ಸಾರ್..."

"ಒಂದರ ಜಾಗಕ್ಕೆ ಇನ್ನೊಂದು ಬಂದ್ರೆ ಅದೇನು ಮಕ್ಳೇ?"

"ಆದೇಶ ಸಾರ್!" ಎರಡೂ ರಾಜ್ಯಗಳು ಒಕ್ಕೊರಲಿನಿಂದ ಕೂಗಿದವು. ಹೆಂಡತಿ ಚೆನ್ನಾಗಿಯೇ ಕಲಿಸಿದ್ದರು.

"ಕೇಳಿದ್ರಲ್ಲ? ಆದೇಶ" ಎಂದು ಇನ್‌ಸ್ಪೆಕ್ಟರು ನಡೆದೇಬಿಟ್ಟರು. ಹೆಡ್‌ಮಾಸ್ಟರು ಅವರ ಹಿಂದೆ ಓಡಿದರು.

ಹೆಂಡತಿ ನಿಧಾನವಾಗಿ ಬಾಗಿಲು ಹಾಕಿದರು.

"ರೀ, ಬನ್ನಿ ಈ ಕಡೆ. ಯುದ್ಧ ಹೇಗೆ ಶುರುವಾಗುತ್ತೆ ಅಂತ ಮಕ್ಳಿಗೆ ತೋರಿಸ್ಬೇಕು ನಾನು."

ಮಕ್ಕಳೆಲ್ಲ ಕೈಕಟ್ಟಿ ಕುಳಿತರು. ಚರಿತ್ರೆ ಪಾಠವನ್ನು ಅವರು ಅಷ್ಟು ಗಮನವಿಟ್ಟು ಕೇಳಿದ್ದು ಅದೇ ಮೊದಲು.